ಅತ್ತೆಗೊಬ್ಬ ಡಾಕ್ಟರಮ್ಮನನ್ನು ಹುಡುಕಿದ್ದು

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿದ್ದಿರಬೇಕು. ನಾವು ಆಗ ಅಮದಳ್ಳಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಗಂಡ ಕಾರವಾರ ಬಂದರಿನ ಒಂದು ಬೋಟಿನಲ್ಲಿ ತಾಂಡೇಲರಾಗಿದ್ದರು. ಬೋಟು ನಡೆಸುವ ಜವಾಬ್ದಾರಿ ಅವರದು. ನಾನು ನೌಕಾನೆಲೆಯ ಕಟ್ಟಡದ ಕೆಲಸ ಹಿಡಿದಿದ್ದ ಒಂದು ಕಂಪನಿಯ ಸೈಟ್ ಆಫೀಸಿನಲ್ಲಿ ಗುಮಾಸ್ತೆ. ಅತ್ತೆ ಮಂಜಗುಣಿಯಲ್ಲಿ ಹಿರಿಯ ಮಗನ ಮನೆಯಲ್ಲಿರುತ್ತಿದ್ದರು. ಮಳೆಗಾಲದಲ್ಲಿ ಬೋಟುಗಳು ದಡ ಸೇರಿ, ಮಾರಲು ಮೀನಿಲ್ಲದ ಎರಡು ತಿಂಗಳು ಮಾತ್ರ ಮೊಮ್ಮಗಳನ್ನು ನೋಡುವ ನೆವದಲ್ಲಿ ನಮ್ಮಲ್ಲಿಗೆ ಬರುತ್ತಿದ್ದರು.

ಹಾಗೆ ಬಂದಿದ್ದಾಗ ಒಂದು ಭಾನುವಾರ, ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ದೊಡ್ಡ ಟವೆಲಿನ ಅಡಿಯಲ್ಲಿ ಹಳೆಯ ನೂಲಿನ ಸೀರೆ ಹರಿದು ಮಾಡಿದ ಉದ್ದನೆಯ ಪಟ್ಟಿಗಳು ನಾಲ್ಕಿದ್ದವು. ಒಂದರಲ್ಲಿ ತೊಳೆದರೂ ಹೋಗದ ಕಂದು ಕಲೆ. ಅದು ನನ್ನದಲ್ಲ. ಅತ್ತೆಗೆ ಅರವತ್ತು ದಾಟಿತ್ತು. ಮುಟ್ಟು ನಿಂತು ಎಷ್ಟೋ ವರ್ಷವಾಗಿತ್ತು.

ಅತ್ತೆ ಅಡುಗೆಮನೆಯಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ನಾನು ಪಟ್ಟಿಯನ್ನು ಅವರ ಮುಂದೆ ಹಿಡಿಯಲಿಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ, "ಅತ್ತೆ, ರಕ್ತ ಹೋಗ್ತದ್ಯಾ?"

ತುರಿಯುವ ಕೈ ನಿಂತಿತು. ಅವರು ಮೊದಲು ಹೊರಗೆ ನೋಡಿದರು, ಮಗ ಇದ್ದಾನೋ ಎಂದು. ನನ್ನ ಗಂಡ ಬಂದರಿಗೆ ಬಲೆ ಹೊಲಿಯಲು ಹೋಗಿದ್ದರು.

"ಈಗ್ಲೀಗ ಚೂರು ಹೋಗ್ತದೆ. ಉಜ್ಜಿ ಉಜ್ಜಿ ಹುಣ್ಣಾಗ್ಯದೆ."

"ಎಂತದು ಉಜ್ಜಿ?"

"ಒಳಗಿಂದು ಕೆಳಗೆ ಬಂದದೆ ತಂಗಿ. ಹದಿನಾಲ್ಕು ವರ್ಷ ಆಯ್ತು."

ಹೇಳಿ ಮತ್ತೆ ಕಾಯಿ ತುರಿಯಲು ಶುರುಮಾಡಿದರು. ಗರ್ಭಕೋಶ ಜಾರಿ ಹೊರಗೆ ಬರುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಅವರು ಅದನ್ನು ಕೈಯಿಂದ ಒಳಗೆ ತಳ್ಳಿ, ಆ ಪಟ್ಟಿಗಳನ್ನು ಬಿಗಿಯಾಗಿ ಕಟ್ಟಿಕೊಂಡು, ಮೇಲೆ ಕಚ್ಚೆ ಸೀರೆ ಉಟ್ಟು, ಮೀನಿನ ಬುಟ್ಟಿ ತಲೆಯ ಮೇಲಿಟ್ಟು ಹೊರಡುತ್ತಿದ್ದರು. ಅಂಕೋಲಾ ಪೇಟೆಯಲ್ಲಿ ಖಾಲಿಯಾಗದಿದ್ದರೆ ಮನೆಮನೆ ಸುತ್ತುತ್ತ ಹಟ್ಟಿಕೇರಿಯವರೆಗೂ ಹೋಗುತ್ತಿದ್ದರು. ಮಾವ ತೀರಿಕೊಂಡು ಆರು ವರ್ಷವಾಗಿತ್ತು. ಅವರಿಗೂ ಇದು ಗೊತ್ತಿರಲಿಲ್ಲವಂತೆ.

"ಯಾರಿಗಾರೂ ತೋರ್ಸಿದ್ರಾ?"

"ಇದ್ನ ಯಾರಿಗೆ ತೋರ್ಸೂದು?" ಎಂದು ನನ್ನನ್ನೇ ತಿರುಗಿ ಕೇಳಿದರು. "ಗಂಡಸ್ರ ಹತ್ರ ಹೇಳಬೇಡ ಮತ್ತೆ."

ಆಣೆ ಹಾಕಿಸಿಕೊಳ್ಳಲಿಲ್ಲ, ಆದರೆ ಆ ದನಿಯೇ ಆಣೆಯಂತಿತ್ತು. ಆ ದಿನವಿಡೀ ನನಗೆ ಬೇರೆ ಏನೂ ತೋಚಲಿಲ್ಲ. ಮದುವೆಯಾದ ಹೊಸತರಲ್ಲಿ ಅವರು ಬಸ್ಸಿನ ಮೆಟ್ಟಿಲು ಹತ್ತುವಾಗ ಒಂದು ಕ್ಷಣ ನಿಲ್ಲುವುದನ್ನು ನೋಡಿ, ಮಂಡಿ ನೋವಿರಬೇಕು ಎಂದುಕೊಂಡಿದ್ದೆ. ಏಳು ವರ್ಷ ಹಾಗೇ ಅಂದುಕೊಂಡಿದ್ದೆ.

ನಮ್ಮ ಕಂಪನಿ ಆ ವರ್ಷ ಕಾಯಂ ನೌಕರರಿಗೆಲ್ಲ ಆರೋಗ್ಯ ವಿಮೆ ಮಾಡಿಸಿತ್ತು. ಮನೆಯ ಹಿರಿಯರಲ್ಲಿ ಯಾರನ್ನು ಸೇರಿಸಬೇಕು ಎಂದು ಫಾರಂ ಬಂದಾಗ ಅತ್ತೆಯ ಹೆಸರು ಬರೆದಿದ್ದೆ. ಪ್ಲಾಸ್ಟಿಕ್ಕಿನ ಕಾರ್ಡು ಬಂದು ಪೆಟ್ಟಿಗೆಯಲ್ಲಿತ್ತು. ಅದರ ಜೊತೆ ಬಂದ ಪುಸ್ತಕವನ್ನು ಆ ಸಂಜೆ ಮೊದಲ ಬಾರಿಗೆ ಬಿಡಿಸಿದೆ. ಕಾರ್ಡು ತೋರಿಸಿದರೆ ಚಿಕಿತ್ಸೆ ಸಿಗುವ ಆಸ್ಪತ್ರೆಗಳ ಪಟ್ಟಿ ಅದರಲ್ಲಿತ್ತು. ಬೆಂಗಳೂರಿಗೆ ಪುಟಗಟ್ಟಲೆ, ಹುಬ್ಬಳ್ಳಿಗೆ ಒಂದು ಪುಟ, ನಮ್ಮ ಕಡೆಗೆ ಎರಡೇ ಸಾಲು.

ಆ ಎರಡರಲ್ಲಿ ಹತ್ತಿರದ್ದಕ್ಕೆ ಮೊದಲು ಹೋದೆವು. ಅದೊಂದು ಚಿಕ್ಕ ಆಸ್ಪತ್ರೆ; ಬೋರ್ಡಿನ ಮೇಲೆ 'ಹೆರಿಗೆ ಮತ್ತು ಸ್ತ್ರೀರೋಗ' ಎಂದು ದೊಡ್ಡದಾಗಿ ಬರೆದಿತ್ತು. ಮಗಳ ಶಾಲೆಯ ಫೀಸು ಕಟ್ಟಿ ಬರುತ್ತೇವೆಂದು ಗಂಡನಿಗೆ ಸುಳ್ಳು ಹೇಳಿದ್ದೆ. ಒಳಗೆ ಇದ್ದವರು ಮಧ್ಯವಯಸ್ಸಿನ ಡಾಕ್ಟರು, ಗಂಡಸು. ಅತ್ತೆ ಕುರ್ಚಿಯ ತುದಿಯಲ್ಲಿ ಕೂತು ತಲೆ ಎತ್ತಲೇ ಇಲ್ಲ. ನಾನೇ ಎಲ್ಲ ಹೇಳಿದೆ. ಅವರು ನರ್ಸಮ್ಮನನ್ನು ಕರೆದು ಪರದೆಯ ಹಿಂದೆ ನೋಡಿಸಿ, ಎರಡು ನಿಮಿಷದಲ್ಲಿ ಹೇಳಿದರು, "ಗರ್ಭಕೋಶ ತೆಗೀಬೇಕು. ಕಾರ್ಡ್ ಇದೆಯಲ್ಲ, ನಾಡಿದ್ದು ಅಡ್ಮಿಟ್ ಮಾಡಿ."

ಆಫೀಸಿನಲ್ಲಿ ನನ್ನ ಒಂದು ಕೆಲಸವೆಂದರೆ ಕ್ರೇನ್ ನಡೆಸುವವರು, ವೆಲ್ಡರುಗಳು ಬಂದಾಗ ಅವರ ಮೂಲ ಸರ್ಟಿಫಿಕೇಟು ನೋಡಿ, ನಂಬರು ಬರೆದುಕೊಂಡ ಮೇಲೆ ಗೇಟ್ ಪಾಸಿಗೆ ಕಳಿಸುವುದು. ನೆರಳಚ್ಚು ತಂದವರನ್ನು ವಾಪಸು ಕಳಿಸುತ್ತಿದ್ದೆ. ಕಬ್ಬಿಣ ಎತ್ತುವವನಿಗೆ ಇಷ್ಟು ಕೇಳುವ ನಾನು ಅತ್ತೆಯ ಹೊಟ್ಟೆಗೆ ಕತ್ತರಿ ಹಾಕುವವರನ್ನು ಏನೂ ಕೇಳದೆ ಎದ್ದು ಬರುವುದೇ? ಕೇಳಿಯೇಬಿಟ್ಟೆ.

"ಸರ್, ಆಪರೇಷನ್ ನೀವೇ ಮಾಡ್ತೀರಾ? ನಿಮ್ಮದು ಯಾವ ಡಿಗ್ರಿ?"

ಅವರ ಮುಖ ಕೆಂಪಾಯಿತು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಪೆನ್ನು ಕೆಳಗಿಟ್ಟು, "ನಂದು ಆಯುರ್ವೇದ," ಎಂದರು. "ಆಪರೇಷನ್‌ಗೆ ಹೊರಗಿನ ಸರ್ಜನ್ ಬರ್ತಾರೆ. ಪ್ರತಿ ಸಲ ಒಬ್ರೇ ಬರ್ತಾರೆ ಅಂತಿಲ್ಲ." ಆಮೇಲೆ ಅತ್ತೆಯ ಕಡೆ ನೋಡಿ, "ನೀವು ಇನ್ನೊಂದು ಕಡೆ ತೋರಿಸೂದಾದ್ರೆ ತೋರಿಸಿ. ಆದ್ರೆ ಬಿಡಬೇಡಿ. ರಕ್ತ ಹೋಗ್ತಿರೋದು ಒಳ್ಳೇದಲ್ಲ," ಎಂದರು. ಫೀಸು ತೆಗೆದುಕೊಳ್ಳಲಿಲ್ಲ. ಬೋರ್ಡು ಅಷ್ಟು ದೊಡ್ಡದಿರಬಾರದಿತ್ತು ನಿಜ. ಆದರೆ ಕೇಳಿದಾಗ ಅವರು ಸುಳ್ಳು ಹೇಳಲಿಲ್ಲ ಎನ್ನುವುದನ್ನೂ ನಾನು ಮರೆತಿಲ್ಲ.

ಹೊರಗೆ ಬಂದು ಛತ್ರಿ ಬಿಡಿಸುತ್ತ ಅತ್ತೆ ಹೇಳಿದ್ದು ಒಂದೇ ಮಾತು: "ಇನ್ನು ನಾ ಯಾವ ಆಸ್ಪತ್ರೆಗೂ ಬತ್ತಿಲ್ಲೆ."

ಹಾಗಾಗಿ ಎರಡನೆಯ ಆಸ್ಪತ್ರೆಗೆ ನಾನೊಬ್ಬಳೇ ಹೋದೆ. ಹೋಗುವ ಮೊದಲು ಆಫೀಸಿನ ಫೋನಿನಿಂದ ಕಾರ್ಡಿನ ಹಿಂದಿದ್ದ ನಂಬರಿಗೆ ಮಾಡಿದೆ. ತುಂಬ ಹೊತ್ತು ಸಂಗೀತ ಕೇಳಿಸಿ, ಕೊನೆಗೊಬ್ಬ ಹುಡುಗಿ ಸಿಕ್ಕಳು. ಆಸ್ಪತ್ರೆ ಪಟ್ಟಿಯಲ್ಲಿದೆ, ಆದರೆ ಅಲ್ಲಿ ಯಾವ ಡಾಕ್ಟರು ಇದ್ದಾರೆ, ಅವರು ಏನು ಓದಿದ್ದಾರೆ ಎನ್ನುವುದು ತಮಗೆ ಗೊತ್ತಿಲ್ಲ, ಅದನ್ನು ನೀವೇ ವಿಚಾರಿಸಿಕೊಳ್ಳಬೇಕು ಎಂದಳು. ಅರ್ಧ ದಿನ ರಜೆ ಹಾಕಿ ಕಾರವಾರದ ಬಸ್ಸು ಹತ್ತಿದೆ.

ಕೌಂಟರಿನಲ್ಲಿದ್ದ ಹೆಂಗಸು ಕಾರ್ಡನ್ನು ತಿರುಗಿಸಿ ನೋಡಿ, "ಇದು ನಡೀತದೆ. ಮೊದ್ಲೇ ಫ್ಯಾಕ್ಸ್ ಕಳಿಸಿ ಒಪ್ಪಿಗೆ ತಕಳಬೇಕು," ಎಂದಳು. ಡಾಕ್ಟರು ಹೆಂಗಸು, ವಾರಕ್ಕೆ ಆರು ದಿನವೂ ಇರುತ್ತಾರೆ, ಆಪರೇಷನ್ ಅವರೇ ಮಾಡುತ್ತಾರೆ. ನಾನು ಅವರ ರಿಜಿಸ್ಟ್ರೇಷನ್ ನಂಬರು ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಎದ್ದು ಒಳಗೆ ಹೋದಳು. ತಿರುಗಿ ಬಂದು, "ಕರೀತಿದ್ದಾರೆ," ಎಂದಳು.

ಡಾಕ್ಟರಮ್ಮ ಗಿಡ್ಡ ಮೈಕಟ್ಟಿನವರು, ಐವತ್ತರ ಆಚೀಚೆ. ಮಧ್ಯಾಹ್ನ ಮೂರು ಗಂಟೆಗೆ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಚಪಾತಿ ಮುರಿಯುತ್ತಲೇ ಕೇಳಿದರು, "ನನ್ನ ನಂಬರ್ ಬೇಕಂತಲ್ಲ, ಎಂತಕ್ಕೆ?"

ಅತ್ತೆಯ ವಿಷಯ, ಮೊದಲ ಆಸ್ಪತ್ರೆಯ ವಿಷಯ, ನನ್ನ ಆಫೀಸಿನ ಕೆಲಸದ ವಿಷಯ, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಕ್ರೇನಿನವನ ಮಾತು ಬಂದಾಗ ಅವರಿಗೆ ನಗು ತಡೆಯಲಾಗಲಿಲ್ಲ. ಎದ್ದು ಕೈ ತೊಳೆದು, ಕಪಾಟಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದರು. "ಗೋಡೆಗೇ ಹಾಕಿದ್ದೆ. ಫ್ರೇಮಿಗೆ ಗೆದ್ದಲು ಹಿಡೀತು. ಹೊಸದು ಮಾಡಿಸೂಕೆ ಪುರುಸೊತ್ತಾಗಲಿಲ್ಲ." ಸರ್ಟಿಫಿಕೇಟಿನ ಒಂದು ಮೂಲೆ ನೀರು ಕುಡಿದು ಹಳದಿಯಾಗಿತ್ತು. ಎಂ.ಬಿ.ಬಿ.ಎಸ್., ಆಮೇಲೆ ಸ್ತ್ರೀರೋಗದಲ್ಲಿ ಎಂ.ಡಿ. ನಂಬರನ್ನು ಅವರೇ ಓದಿ ಹೇಳಿದರು, ನಾನು ಬಸ್ ಟಿಕೇಟಿನ ಹಿಂದೆ ಬರೆದುಕೊಂಡೆ.

"ಬೆಂಗಳೂರಿಗೆ ಫೋನ್ ಮಾಡಿ ಕೇಳಿ, ವೈದ್ಯಕೀಯ ಪರಿಷತ್ತಿನ ಆಫೀಸಲ್ಲಿ ದಾಖಲೆ ಇರ್ತದೆ. ನಂಗೇನೂ ಬೇಜಾರಿಲ್ಲ," ಎಂದು ಮತ್ತೆ ಡಬ್ಬಿಯ ಮುಂದೆ ಕೂತರು. "ನನ್ನ ಪರೀಕ್ಷೆ ಆಯ್ತಲ್ಲ. ನಿಮ್ಮತ್ತೆ ಎಲ್ಲಿ?"

"ಬರೂದಿಲ್ಲ ಅಂತಾರೆ."

"ಕರ್ಕೊಂಡು ಬನ್ನಿ. ಹದಿನಾಲ್ಕು ವರ್ಷ ಸಾಕು ಅಂತ ನಾ ಹೇಳಿದೆ ಅನ್ನಿ."

ಮರುದಿನ ವೈದ್ಯಕೀಯ ಪರಿಷತ್ತಿಗೆ ಫೋನು ಮಾಡಿದೆ. ಮೂರನೆಯ ಸಲಕ್ಕೆ ಒಬ್ಬ ಹಿರಿಯ ದನಿಯ ಗುಮಾಸ್ತರು ಸಿಕ್ಕರು. ಕಾಗದ ಮಗುಚುವ ಸದ್ದು ಕೇಳಿಸಿತು. ನಾನು ನಂಬರು ಹೇಳಿದರೆ ಅವರು ಹೆಸರು ಓದಿದರು, ಊರು ಓದಿದರು. ಸರಿಯಾಗಿತ್ತು. "ಏನಮ್ಮಾ, ಏನಾದ್ರೂ ದೂರಿದೆಯಾ?" ಎಂದು ಕೇಳಿದರು. ಇಲ್ಲ, ತೋರಿಸುವ ಮೊದಲು ತಿಳಿದುಕೊಳ್ಳೋಣ ಎಂದು, ಅಂದೆ. "ಒಳ್ಳೇದು, ಒಳ್ಳೇದು," ಎಂದು ಫೋನಿಟ್ಟರು.

ಇದನ್ನೆಲ್ಲ ಅತ್ತೆಗೆ ಹೇಳಿದಾಗ ಅವರಿಗೆ ಡಿಗ್ರಿ, ನಂಬರು ಯಾವುದೂ ತಟ್ಟಲಿಲ್ಲ. ಹೆಂಗಸು ಎನ್ನುವುದು ತಟ್ಟಿತು. ನಾಲ್ಕನೆಯ ದಿನ ಬೆಳಿಗ್ಗೆ ನಾನು ಆಫೀಸಿಗೆ ಹೊರಟಾಗ, "ಅವ್ರ ಮೊಕ ನೋಡಿ ಬತ್ತೆ. ಮೊಕ ನೋಡೂಕೆ ಮಾತ್ರ," ಎಂದರು.

ಡಾಕ್ಟರಮ್ಮನ ಎದುರು ಕೂತ ಅತ್ತೆ ಈ ಸಲ ತಲೆ ತಗ್ಗಿಸಲಿಲ್ಲ. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವ ಹಾಗೆ ಅವರನ್ನು ನೋಡುತ್ತಿದ್ದರು. ನಂತರ ನೇರವಾಗಿ ಕೇಳಿದರು, "ನಿಮ್ಗೆ ಮಕ್ಕಳು ಎಷ್ಟು ಜನ?"

ನಾನು ನಾಚಿಕೆಯಿಂದ ಸತ್ತೇ ಹೋದೆ.

"ನಂಗೆ ಮಕ್ಕಳಿಲ್ಲಮ್ಮಾ," ಎಂದರು ಡಾಕ್ಟರಮ್ಮ.

ಅತ್ತೆ ಯೋಚಿಸಿದರು. "ಹಾಂಗಾರೆ ನಿಮ್ಗೆ ಇದೆಲ್ಲ ಹೇಂಗೆ ಗೊತ್ತಾಗ್ತದೆ?"

"ಓದಿದ್ದು ಸ್ವಲ್ಪ. ಉಳಿದದ್ದು ನೀವು ಹೇಳಿದ್ರೆ ಗೊತ್ತಾಗ್ತದೆ."

ಆ ಮಾತಿಗೇನು ಶಕ್ತಿ ಇತ್ತೋ, ಅತ್ತೆ ಹೇಳಲು ಶುರುಮಾಡಿದರು. ನನಗೂ ಹೇಳದ ಮಾತು. ಮೂರು ಹೆರಿಗೆಯೂ ಮನೆಯಲ್ಲೇ. ಮೂರನೆಯದು ಎರಡು ದಿನ ಕಷ್ಟವಾಗಿತ್ತು. ಮಾವ ಆಗ ದೋಣಿಯಿಂದ ಬಿದ್ದು ಕಾಲು ಮುರಿದುಕೊಂಡು ಮಲಗಿದ್ದರು. ಮನೆಯಲ್ಲಿ ಅಕ್ಕಿ ಇರಲಿಲ್ಲ. ಹೆತ್ತ ಒಂಬತ್ತನೆಯ ದಿನ ಅತ್ತೆ ಬುಟ್ಟಿ ಹೊತ್ತರು. ಆವತ್ತು ಸೊಂಟದ ಕೆಳಗೆ ಏನೋ ಕಳಚಿದ ಹಾಗಾಯಿತು. ಆಮೇಲೆ ಭಾರ ಭಾರ ಎನಿಸುತ್ತಲೇ ಇತ್ತು. ಮುಟ್ಟು ನಿಂತ ವರ್ಷ ಹೊರಗೇ ಬಂತು.

ಆ ಮೂರನೆಯ ಮಗು ನನ್ನ ಗಂಡ.

ಡಾಕ್ಟರಮ್ಮ ಒಂದು ಮಾತನ್ನೂ ಮಧ್ಯೆ ತಡೆಯಲಿಲ್ಲ. ಹೊರಗೆ ಜನ ಕಾಯುತ್ತಿದ್ದರು. ಎಲ್ಲ ಕೇಳಿಯಾದ ಮೇಲೆ ನರ್ಸಮ್ಮನಿಗೆ ಬಿಸಿನೀರು ತರಲು ಹೇಳಿದರು. "ನನ್ನ ಕೈ ತಣ್ಣಗದೆ. ಬೆಚ್ಚಗೆ ಮಾಡ್ಕೊಂಡು ಮುಟ್ತೇನೆ, ಆಗ್ಬಹುದಲ್ಲ?" ಎಂದು ಕೇಳಿದರು. ಮೊಕ ನೋಡಲು ಮಾತ್ರ ಬಂದಿದ್ದ ಅತ್ತೆ ಎದ್ದು ಪರದೆಯ ಹಿಂದೆ ಹೋದರು.

ಅವಸರ ಮಾಡಬೇಕಿಲ್ಲ ಎಂದರು ಡಾಕ್ಟರಮ್ಮ. ಮೊದಲು ಹುಣ್ಣು ಮಾಯಬೇಕು. ಅದರ ಒಂದು ಚೂರನ್ನು ಪರೀಕ್ಷೆಗೆ ಹುಬ್ಬಳ್ಳಿಗೆ ಕಳಿಸಬೇಕು. ಕೆಟ್ಟದ್ದೇನೂ ಇಲ್ಲವೆಂದಾದರೆ ಎರಡು ದಾರಿ: ಒಳಗೆ ರಬ್ಬರಿನ ಬಳೆಯಂಥದ್ದನ್ನು ಇಟ್ಟು ಎತ್ತಿ ಹಿಡಿಯುವುದು, ಅಥವಾ ಆಪರೇಷನ್. ಎರಡರ ಒಳಿತು ಕೆಡುಕನ್ನೂ ಅತ್ತೆಗೇ ಹೇಳಿದರು, ನನಗಲ್ಲ. ಅತ್ತೆ ಆಪರೇಷನ್ ಎಂದರು. "ಬಳೆ ಗಿಳೆ ಬೇಡ. ಒಂದೇ ಸಲ ಮುಗೀಲಿ."

ಹುಬ್ಬಳ್ಳಿಯ ಉತ್ತರ ಬರಲು ಹತ್ತು ದಿನ ಹಿಡಿಯಿತು. ಆ ಹತ್ತು ದಿನ ಅತ್ತೆ ಚೆನ್ನಾಗಿ ಉಂಡು, ಚೆನ್ನಾಗಿ ನಿದ್ದೆ ಮಾಡಿದರು. ನಿದ್ದೆ ಕೆಟ್ಟದ್ದು ನನಗೆ. ಉತ್ತರ ಬಂತು, ಕೆಟ್ಟದ್ದೇನೂ ಇರಲಿಲ್ಲ.

ವಿಮೆಯ ಫಾರಂ ತುಂಬಿಸುವ ದಿನ ಕೌಂಟರಿನ ಹೆಂಗಸು 'ತೊಂದರೆ ಎಂದಿನಿಂದ' ಎನ್ನುವ ಸಾಲಿಗೆ ಬಂದು ಪೆನ್ನು ನಿಲ್ಲಿಸಿದಳು. ದನಿ ತಗ್ಗಿಸಿ, "ಆರು ತಿಂಗ್ಳು ಅಂತ ಬರ್ಸಿ. ಹಳೇದು ಅಂದ್ರೆ ಕೊಡೂದಿಲ್ಲ," ಎಂದಳು. ನಮ್ಮ ಒಳ್ಳೆಯದಕ್ಕೇ ಹೇಳಿದ್ದಳು. ನಾನು ಹೂಂ ಅನ್ನುವವಳಿದ್ದೆ.

ಅತ್ತೆ ಕೇಳಿಸಿಕೊಂಡರು. "ಹದಿನಾಲ್ಕು ವರ್ಷ ನಾ ಹೊತ್ತದ್ದು. ಆರು ತಿಂಗ್ಳು ಅಂದ್ರೆ ಹೇಂಗೆ?"

"ಅಜ್ಜಿ, ಅದು ಬರಿ ಕಾಗ್ದಕ್ಕೆ."

"ಕಾಗ್ದಕ್ಕೂ ಅಷ್ಟೇ ಬರಿ."

ಡಾಕ್ಟರಮ್ಮನೂ ಹದಿನಾಲ್ಕು ಎಂದೇ ಬರೆದರು. ನನಗೆ ಅತ್ತೆಯ ಮೇಲೆ ಸಿಟ್ಟು ಬಂತು. ನಾಲ್ಕು ದಿನದ ಮೇಲೆ ಹೆದರಿದ್ದೇ ಆಯಿತು: ಹಳೆಯ ಕಾಯಿಲೆ, ಒಪ್ಪಿಗೆ ಇಲ್ಲ ಎಂದು ಫ್ಯಾಕ್ಸ್ ಬಂತು. ಆಫೀಸಿನಲ್ಲಿ ಕೂತು ಕಂಪನಿಯ ಪಾಲಿಸಿಯ ಕಡತ ತರಿಸಿ ಸಾಲು ಸಾಲಾಗಿ ಓದಿದೆ. ಇಂಗ್ಲಿಷಿನ ಇರುವೆಯಂಥ ಅಕ್ಷರ. ಹನ್ನೊಂದನೆಯ ಪುಟದಲ್ಲಿ ಸಿಕ್ಕಿತು: ಕಂಪನಿ ಒಟ್ಟಾಗಿ ಮಾಡಿಸಿದ ವಿಮೆಯಲ್ಲಿ ಮೊದಲಿನಿಂದ ಇದ್ದ ಕಾಯಿಲೆಗೂ ರಕ್ಷಣೆ ಉಂಟು. ನಾನೇ ಪತ್ರ ಟೈಪು ಮಾಡಿ ಮ್ಯಾನೇಜರರ ಮುಂದಿಟ್ಟೆ. ಕೇರಳದ ಆ ಮನುಷ್ಯ ಪತ್ರ ಓದಿ, ಯಾವ ಕಾಯಿಲೆ ಎಂದು ಕೇಳದೆ ಸಹಿ ಹಾಕಿದರು. ಮಾರನೆಯ ಸಂಜೆಯೇ ಒಪ್ಪಿಗೆ ಬಂತು.

ಇನ್ನು ಗಂಡನಿಗೆ ಹೇಳದೆ ಉಪಾಯವಿರಲಿಲ್ಲ. ಹೇಳುತ್ತೇನೆ ಎಂದಾಗ ಅತ್ತೆ, "ಹೇಳು. ಆದ್ರೆ ನನ್ನ ಎದ್ರಿಗೆ ಬೇಡ," ಎಂದರು. ಬಂದರಿಗೆ ಹೋಗಿ, ಬಲೆ ಹರಡಿದ ಜಾಗದಲ್ಲಿ ನಿಂತು, ಹೆರಿಗೆಯ ಕಾಲದಿಂದ ಶುರುವಾದದ್ದಂತೆ ಎಂದು ಹೇಳಿದೆ. ಅವರು ಕೈಯಲ್ಲಿದ್ದ ಬಲೆಯ ಸೂಜಿಯನ್ನು ನೋಡುತ್ತ ನಿಂತರು. ಮನೆಗೆ ಬಂದವರು ಸೀದಾ ಅಮ್ಮನ ಹತ್ತಿರ ಹೋಗಿ ಕೂತರು.

"ಅಬ್ಬೇ, ನಾ ಹುಟ್ಟಿದಾಗ ಆದದ್ದೇನೇ ಇದು?"

ಅತ್ತೆ ಮೊಮ್ಮಗಳ ಜಡೆ ಹೆಣೆಯುತ್ತಿದ್ದರು.

"ಯಾರು ಹುಟ್ಟಿದ್ದಕ್ಕೂ ಅಲ್ಲ," ಎಂದರು ಅತ್ತೆ. "ಬುಟ್ಟಿಯಿಂದ ಆದದ್ದು."

ಗಂಡ ನನ್ನ ಮುಖ ನೋಡಿದರು. ಹೌದೆಂದು ತಲೆಯಾಡಿಸಿದೆ. ಇವತ್ತಿಗೂ ನಾನು ಅದನ್ನು ತಿದ್ದಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಐದು ದಿನ ಆಸ್ಪತ್ರೆಯಲ್ಲಿದ್ದೆವು. ಮೂರನೆಯ ದಿನ ನರ್ಸಮ್ಮ ನಡೆಸಿದಾಗ ಅತ್ತೆ ಬಾಗಿಲವರೆಗೆ ಹೋಗಿ, ನಿಂತು, ಹಿಂದಿರುಗಿ ನನ್ನನ್ನು ನೋಡಿ, "ಎಂತದೂ ಇಲ್ಲ ತಂಗಿ. ಹಗುರ ಅದೆ," ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ ಅತ್ತರು. ಅವರು ಅಳುವುದನ್ನು ನಾನು ಮಾವ ತೀರಿದಾಗಲೂ ನೋಡಿರಲಿಲ್ಲ.

ಭಾರ ಹೊರುವಂತಿಲ್ಲ ಎಂದು ಡಾಕ್ಟರಮ್ಮ ಖಂಡಿತವಾಗಿ ಹೇಳಿದ್ದರು. ಅತ್ತೆ ನಾಲ್ಕು ತಿಂಗಳು ಮನೆಯಲ್ಲಿ ಕೂತು ಎಲ್ಲರ ಜೊತೆ ಜಗಳವಾಡಿ, ಆಮೇಲೆ ಅಂಕೋಲಾ ಪೇಟೆಗೆ ಮರಳಿದರು. ಮೀನು ಟೆಂಪೋದಲ್ಲಿ ಬರುತ್ತಿತ್ತು. ಇವರು ಮಣೆಯ ಮೇಲೆ ಕೂತು ಮಾರುತ್ತಿದ್ದರು. ಮನೆಮನೆ ತಿರುಗುವುದು ನಿಂತಿತು.

ಮೀನು ಮಾರುವ ಹೆಂಗಸರಿಗೆ ಅವರು ಏನು ಹೇಳಿದರೋ ನನಗೆ ಗೊತ್ತಿಲ್ಲ. ಆದರೆ ಒಬ್ಬೊಬ್ಬರಾಗಿ ನನ್ನನ್ನು ಹುಡುಕಿಕೊಂಡು ಬರತೊಡಗಿದರು. ಬಸ್ ನಿಲ್ದಾಣದಲ್ಲಿ ಪಕ್ಕಕ್ಕೆ ಕರೆದು, "ಆ ಡಾಕ್ಟ್ರಮ್ಮ ಎಲ್ಲಿರೂದು?" ಎನ್ನುತ್ತಿದ್ದರು. ಅವರ ಹತ್ತಿರ ಕಾರ್ಡು ಇರಲಿಲ್ಲ. ಡಾಕ್ಟರಮ್ಮನನ್ನೇ ಕೇಳಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದೇ ವಿಷಯ ಓದಿದ ಒಳ್ಳೆಯ ಡಾಕ್ಟರೊಬ್ಬರಿದ್ದಾರೆ, ಅಲ್ಲಿಗೆ ಕರೆದುಕೊಂಡು ಹೋಗಿ ಎಂದು ಚೀಟಿ ಬರೆದುಕೊಟ್ಟರು. ಎರಡು ವರ್ಷದಲ್ಲಿ ಐದು ಜನರ ಜೊತೆ ಹೋದೆ. ನಾಲ್ಕು ಜನರಿಗೆ ಗುಣವಾಯಿತು.

ಐದನೆಯವರು ಮಂಜಗುಣಿಯಲ್ಲಿ ಅತ್ತೆ ಇರುವ ಮನೆಯ ಹಿಂಬದಿಯವರು, ಅತ್ತೆಗಿಂತ ದೊಡ್ಡವರು. ಆಸ್ಪತ್ರೆಯ ಬಾಗಿಲವರೆಗೆ ಬಂದು, ಸಾಲಿನಲ್ಲಿ ನಿಂತ ಜನರನ್ನು ನೋಡಿ, ಅಲ್ಲಿಂದಲೇ ತಿರುಗಿದರು. ಎಷ್ಟು ಹೇಳಿದರೂ ಒಳಗೆ ಬರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಮುಖ ಬಿಗಿದುಕೊಂಡು ಕೂತಿದ್ದೆ. ಅವರು ನನ್ನ ಕೈ ಹಿಡಿದು, "ಬೇಜಾರ್ ಮಾಡ್ಕಬೇಡ ಮಗಾ. ನೀ ಕೇಳ್ದೆಯಲ್ಲ, ನಂಗೆ ಅಷ್ಟು ಸಾಕು," ಎಂದರು. ಅಂಕೋಲಾದಲ್ಲಿ ಇಳಿದಾಗ ಒತ್ತಾಯ ಮಾಡಿ ಚಹಾ ಕುಡಿಸಿದರು. ಇನ್ನೊಮ್ಮೆ ಕೇಳೋಣ ಎಂದುಕೊಂಡೆ, ಆದರೆ ಆ ವರ್ಷ ಮಗಳ ಶಾಲೆ, ಆಫೀಸಿನ ಕೆಲಸ ಎಂದು ಮಂಜಗುಣಿಗೆ ಹೋಗುವುದೇ ಕಡಿಮೆಯಾಯಿತು. ಮರುವರ್ಷ ಹೋದಾಗ ಅವರಿರಲಿಲ್ಲ. ಜ್ವರ ಬಂದು ಹೋದರು ಎಂದರು ಮನೆಯವರು. ಬೇರೇನೂ ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.